ಗಂಜಿಯೊಂದೇ ಸಾಲದು: ಲಕ್ವದ ನಂತರದ ಊಟದ ಲೆಕ್ಕ

ಮೊಸರು ಶೀತ, ಮೊಟ್ಟೆ ಉಷ್ಣ, ಬೇಳೆ ವಾಯು, ಬದನೆಕಾಯಿ ನಂಜು. ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಿಂತ ಮೊದಲೇ ಈ ಪಥ್ಯದ ಪಟ್ಟಿ ಮನೆ ಸೇರಿರುತ್ತದೆ. ಎಲ್ಲ ಕಳೆದು ಕೊನೆಗೆ ಉಳಿಯುವುದು ಗಂಜಿ. ಅದರಲ್ಲಿ ಇರುವುದೆಷ್ಟು? ಒಂದು ಲೋಟ ಗಂಜಿಗೆ ಸುಮಾರು 30 ಗ್ರಾಂ ಅಕ್ಕಿ ಹಾಕಿದರೆ 105 ಕ್ಯಾಲರಿ, 2 ಗ್ರಾಂ ಪ್ರೋಟೀನ್ ಸಿಗುತ್ತದೆ. ದಿನಕ್ಕೆ ಆರು ಲೋಟ ಕುಡಿಸಿದರೂ 630 ಕ್ಯಾಲರಿ, 12–13 ಗ್ರಾಂ ಪ್ರೋಟೀನ್. 55 ಕಿಲೊ ತೂಗುವವರಿಗೆ ಬೇಕಾದದ್ದು ದಿನಕ್ಕೆ 1,400ರಿಂದ 1,650 ಕ್ಯಾಲರಿ, 55ರಿಂದ 65 ಗ್ರಾಂ ಪ್ರೋಟೀನ್.

ಕೊರತೆ ಬಿದ್ದದ್ದನ್ನು ದೇಹ ತನ್ನ ಸ್ನಾಯುಗಳನ್ನೇ ಕರಗಿಸಿ ತುಂಬಿಕೊಳ್ಳುತ್ತದೆ. ಸ್ವಾಧೀನ ತಪ್ಪಿದ ಕೈಕಾಲು ಮಾತ್ರವಲ್ಲ, ಚೆನ್ನಾಗಿರುವ ಬದಿಯೂ ಸವೆಯುತ್ತದೆ. ನುಂಗುವ, ಕೆಮ್ಮುವ ಸ್ನಾಯುಗಳೂ ಸೊರಗುತ್ತವೆ. ಆಗ ಫಿಸಿಯೋಥೆರಪಿಯವರು ಎಬ್ಬಿಸಿ ನಿಲ್ಲಿಸಿದರೂ ಕಾಲಿಗೆ ಕಸುವಿರುವುದಿಲ್ಲ, ಬೆನ್ನಿನ ಹುಣ್ಣು ಮಾಯುವುದಿಲ್ಲ, ಎದೆಯ ಕಫ ಹೊರಬರುವುದಿಲ್ಲ. ‘ಫುಡ್’ ಎಂಬ ಬಹುರಾಷ್ಟ್ರೀಯ ಅಧ್ಯಯನ 2003ರಲ್ಲಿ ಕೊಟ್ಟ ಅಂಕಿ ಕಣ್ಣಿಗೆ ಹೊಡೆಯುವಂತಿದೆ. ಲಕ್ವವಾಗಿ ಆಸ್ಪತ್ರೆಗೆ ಬಂದಾಗಲೇ ಸೊರಗಿದ್ದವರಲ್ಲಿ ನೂರಕ್ಕೆ 37 ಮಂದಿ ಆರು ತಿಂಗಳ ತಪಾಸಣೆಯ ಹೊತ್ತಿಗೆ ತೀರಿಕೊಂಡಿದ್ದರು. ಪೋಷಣೆ ಸರಿಯಿದ್ದವರಲ್ಲಿ 20. ವಯಸ್ಸು, ಲಕ್ವದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ಹಾಗೆಂದು ಮೆಡಿಕಲ್ ಶಾಪಿನ ಪೌಡರ್ ಡಬ್ಬಕ್ಕೆ ಓಡಬೇಕಿಲ್ಲ. ಬಾಯಲ್ಲಿ ಊಟ ಮಾಡಬಲ್ಲ ಎಲ್ಲರಿಗೂ ಕಣ್ಣುಮುಚ್ಚಿ ಪೂರಕ ಆಹಾರ ಕೊಟ್ಟರೆ ಲಾಭವೇನೂ ಕಾಣಲಿಲ್ಲ ಎಂದು ಅದೇ ಅಧ್ಯಯನ 2005ರಲ್ಲಿ ಹೇಳಿತು. ಅದು ಬೇಕಾಗುವುದು ಸೊರಗಿದವರಿಗೆ, ಸೊರಗುವ ಹಾದಿಯಲ್ಲಿರುವವರಿಗೆ.

ಎಷ್ಟು ಕೊಡಬೇಕು ಎನ್ನುವುದಕ್ಕಿಂತ ಮೊದಲು, ಬಾಯಿಗೆ ಕೊಡಬಹುದೇ ಎಂದು ನೋಡಬೇಕು. ಲಕ್ವದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಹಾಗಾಗಿ ಬಿದ್ದವರ ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಬಾರದು. ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗುವವರೆಗೆ ಕಾಯಲೇಬೇಕು. ನಮಗೆ ನೀರು ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ. ಇವರಲ್ಲಿ ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು, ಎರಡು ದಿನ ಬಿಟ್ಟು ಜ್ವರ, ನ್ಯುಮೋನಿಯಾ. ಕುಡಿದ ಮೇಲೆ ದನಿ ಒದ್ದೆಯಾಗಿ ಗೊರಗೊರ ಎನ್ನುವುದು, ಒಂದೇ ತುತ್ತನ್ನು ಎರಡು ಮೂರು ಸಲ ನುಂಗುವುದು, ಬಾಯಿಯ ಮೂಲೆಯಿಂದ ಸುರಿಯುವುದು, ಊಟದ ನಡುವೆ ಉಸಿರು ಏರುವುದು: ಇಷ್ಟರಲ್ಲಿ ಒಂದು ಕಂಡರೂ ಬಾಯಿಯ ಊಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನುಂಗಲು ಕಷ್ಟವಿರುವವರಿಗೆ ತೀರಾ ತೆಳುವಾದ ನೀರೇ ಎಲ್ಲಕ್ಕಿಂತ ಅಪಾಯ, ಏಕೆಂದರೆ ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಜಾರಿಬಿಡುತ್ತದೆ. ಇಲ್ಲಿನ ಊಟದಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಅರಸೀಕೆರೆ, ಕಡೂರು ಕಡೆಯ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಲಕ್ವವಾದವರಿಗೆ ಅದು ಗಂಟಲಿಗೆ ಬಿರಡೆ. ಸಕಲೇಶಪುರ, ಮೂಡಿಗೆರೆ ಕಡೆಯ ಅಕ್ಕಿರೊಟ್ಟಿ ಪುಡಿಪುಡಿಯಾಗಿ ಬಾಯಿ ತುಂಬ ಚದುರುತ್ತದೆ. ಅನ್ನದ ಮೇಲೆ ತಿಳಿಸಾರು ಹಾಕಿದರೆ ಅಗುಳು ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಇಳಿದಿರುತ್ತದೆ. ಕಡುಬನ್ನು ಗಟ್ಟಿ ಬೇಳೆಯಲ್ಲಿ ನೆನೆಸಿ, ಗಂಟಿಲ್ಲದಂತೆ ಕಿವುಚಿದರೆ ಆಗಬಹುದು. ಮೆತ್ತಗೆ ಬೇಯಿಸಿ ಕಡೆದ ಮೊಸಪ್ಪಿನ ಜೊತೆ ಹಿಸುಕಿದ ಅನ್ನ ಇನ್ನೂ ಒಳ್ಳೆಯದು.

ಕುಡಿಸುವ ಗಂಜಿ, ಸಾರು ಎಷ್ಟು ಮಂದವಾಗಿದೆ ಎಂಬ ಹದ ಅಳೆಯಲು 10 ಮಿ.ಲೀ. ಸಿರಿಂಜ್ ಸಾಕು. ಸೊನ್ನೆಯಿಂದ 10ರ ಗುರುತಿಗೆ 61.5 ಮಿ.ಮೀ. ಉದ್ದವಿರುವ ಸಿರಿಂಜೇ ಆಗಬೇಕು, ಬೇರೆಯದರಲ್ಲಿ ಲೆಕ್ಕ ತಪ್ಪುತ್ತದೆ. ಸೂಜಿಯನ್ನೂ ಒಳಗಿನ ಒತ್ತುಗೋಲನ್ನೂ (ಪ್ಲಂಜರ್) ತೆಗೆದು, ತುದಿಗೆ ಬೆರಳಿಟ್ಟು 10 ಮಿ.ಲೀ. ತುಂಬಿಸಿ, ಬೆರಳು ಬಿಟ್ಟು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಿ. ಒಳಗೆ 1 ಮಿ.ಲೀ.ಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. 4ರಿಂದ 8 ಉಳಿದರೆ ಸ್ವಲ್ಪ ಮಂದ. 8 ದಾಟಿದರೆ ಇನ್ನೂ ಮಂದ. ಯಾರಿಗೆ ಯಾವ ಹದ ಎಂಬುದನ್ನು ಪರೀಕ್ಷಿಸಿದವರೇ ಹೇಳಬೇಕು. ಗಂಜಿ ಆರಿದಂತೆಲ್ಲ ಗಟ್ಟಿಯಾಗುವುದರಿಂದ, ಕೊಡುವಾಗ ಎಷ್ಟು ಬಿಸಿ ಇರುತ್ತದೋ ಅಷ್ಟೇ ಬಿಸಿಯಲ್ಲಿ ಅಳೆಯಿರಿ.

ಮೊಳಕೆ ಕಟ್ಟಿದ ರಾಗಿಯ ವಿಷಯದಲ್ಲಿ ಬಹಳ ಮನೆಗಳು ಎಡವುತ್ತವೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಊಟ ಹೋಗುವವರಿಗೆ ಇದು ವರ: ಹೆಚ್ಚು ಹಿಟ್ಟು ಹಾಕಿದರೂ ನಳಿಕೆ ಕಟ್ಟುವುದಿಲ್ಲ. ಮಂದ ಹದವೇ ಬೇಕಾದವರಿಗೆ ಮಾತ್ರ ಸಾದಾ ರಾಗಿಹಿಟ್ಟೇ ಸರಿ. ಎಂಜಲಿನಲ್ಲೂ ಅದೇ ಕಿಣ್ವ ಇದೆ. ಬಾಯಿಗಿಟ್ಟ ಚಮಚವನ್ನು ಪದೇ ಪದೇ ಬಟ್ಟಲಿಗೆ ಅದ್ದಿದರೆ ಅರ್ಧ ಊಟ ಆಗುವಷ್ಟರಲ್ಲಿ ಗಂಜಿ ನೀರಾಗಿರುತ್ತದೆ. ಸ್ವಲ್ಪ ಸ್ವಲ್ಪವೇ ಸಣ್ಣ ಬಟ್ಟಲಿಗೆ ಬಗ್ಗಿಸಿಕೊಂಡು ತಿನ್ನಿಸಿ.

ಇನ್ನು ಪ್ರಮಾಣ. 30 ಗ್ರಾಂ ರಾಗಿಹಿಟ್ಟು, 200 ಮಿ.ಲೀ. ಹಾಲು, 15 ಗ್ರಾಂ ನುಣ್ಣಗಿನ ಹುರಿಗಡಲೆ ಪುಡಿ, 10 ಗ್ರಾಂ ಬೆಲ್ಲ, ಒಂದು ಟೀ ಚಮಚ ತುಪ್ಪ; ಗಂಟಾಗದಂತೆ ಕಾಯಿಸಿ ಜರಡಿ ಹಿಡಿದರೆ ಒಂದು ಬಟ್ಟಲಿಗೆ ಸುಮಾರು 360 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಇಂಥ ನಾಲ್ಕು ಬಟ್ಟಲು, ಜೊತೆಗೆ ನುಣ್ಣಗೆ ಕಿವುಚಿದ ಎರಡು ಬೆಂದ ಮೊಟ್ಟೆ ಸೇರಿದರೆ ದಿನದ ಲೆಕ್ಕ ತುಂಬುತ್ತದೆ. ಮೊಟ್ಟೆ ತಿನ್ನದವರು ಹೆಸರುಬೇಳೆ ಕಟ್ಟು, ಮೊಸರು ಹೆಚ್ಚಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಡಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನಿನ ಪ್ರಮಾಣ ವೈದ್ಯರನ್ನೇ ಕೇಳಿ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಒಳಗಿರಲಿ, ಉಪ್ಪಿನಕಾಯಿಯೂ ಸೇರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಿನ್ನುವವರು ಸೊಪ್ಪು ಬಿಡಬೇಕಿಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು.

ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಅರೆನಿದ್ದೆಯಲ್ಲಿ ಬೇಡ. ಟೀ ಚಮಚದಷ್ಟೇ ತುತ್ತು, ಸ್ವಾಧೀನವಿರುವ ಬದಿಗೆ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ, ಸೋತ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಿ ಬಾಯಿ ತೊಳೆಸಿ. ತಟ್ಟೆಯ ಎಡಭಾಗ ಹಾಗೇ ಉಳಿಯುತ್ತಿದ್ದರೆ ಅದು ಹಟವಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯದು ಗಮನಕ್ಕೇ ಬರುವುದಿಲ್ಲ. ತಟ್ಟೆ ತಿರುಗಿಸಿ.

ನುಂಗುವ ತೊಂದರೆ ವಾರಕ್ಕಿಂತ ಹೆಚ್ಚು ಉಳಿಯುವಂತೆ ಕಂಡರೆ 72 ಗಂಟೆಯೊಳಗೆ ಮೂಗಿನ ನಳಿಕೆ ಹಾಕುವುದು ಸರಿ. ಬಹಳ ಕುಟುಂಬಗಳು ಇದನ್ನು ಕೊನೆಗಾಲದ ಗುರುತು ಎಂದು ತಿಳಿದು ಬೇಡವೆನ್ನುತ್ತವೆ, ಅಷ್ಟರಲ್ಲಿ ವಾರವೇ ಉಪವಾಸದಲ್ಲಿ ಕಳೆದಿರುತ್ತದೆ. ನುಂಗಲು ಬಂದರೆ ನಳಿಕೆ ತೆಗೆಯುತ್ತಾರೆ. ನಾಲ್ಕು ವಾರ ದಾಟಿದರೆ ನೇರ ಹೊಟ್ಟೆಗೇ ನಳಿಕೆ ಹಾಕುವ ಮಾತು ಬರುತ್ತದೆ. ಮನೆಯಲ್ಲಿ ನಳಿಕೆಯಲ್ಲಿ ಕೊಡುವಾಗ, ನಳಿಕೆಯ ಮೇಲೆ ಮೂಗಿನ ಬಳಿ ಇರುವ ಗುರುತು ಸರಿದಿಲ್ಲವೆಂದು ಮೊದಲು ನೋಡಿ. ಸರಿದಿದ್ದರೆ ಏನನ್ನೂ ಹಾಕಬೇಡಿ. ತಲೆ 30–45 ಡಿಗ್ರಿ ಎತ್ತರದಲ್ಲಿರಲಿ. 200–250 ಮಿ.ಲೀ. ಊಟ ತಾನಾಗಿ ಇಳಿಯಲಿ, ಸಿರಿಂಜ್ ಒತ್ತಬೇಡಿ. ಮುಂಚೆ, ನಂತರ 30 ಮಿ.ಲೀ. ನೀರು. ಯಾವ ಮಾತ್ರೆ ಪುಡಿ ಮಾಡಬಹುದು ಎಂದು ಕೇಳಿಕೊಳ್ಳಿ, ಕೆಲವನ್ನು ಪುಡಿ ಮಾಡಲೇಬಾರದು.

ಮಲಗಿದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲಾಗದು. ಟೈಲರ್ ಟೇಪಿನಿಂದ ಸ್ವಾಧೀನವಿರುವ ತೋಳಿನ ನಡುಭಾಗದ ಸುತ್ತಳತೆ ತೆಗೆದು ವಾರವಾರ ಬರೆದಿಡಿ. 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಇಳಿಯುತ್ತಲೇ ಇದ್ದರೆ ಊಟ ಸಾಲುತ್ತಿಲ್ಲ. ಆದರೆ ಐದಾರು ದಿನ ಏನೂ ತಿನ್ನದವರಿಗೆ ಒಂದೇ ದಿನ ಪೂರ್ತಿ ಊಟ ತುಂಬಿಸಬಾರದು. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ, ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ಕಡಿಮೆಯಿಂದ ಶುರುಮಾಡಿ ದಿನದಿನಕ್ಕೆ ಏರಿಸುತ್ತಾ ಹೋಗಬೇಕು.