ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ: 101(ಸಿ) ಬಿಡಿಸಿಕೊಂಡ ಟಿಪ್ಪಣಿ

ಮುಂಬೈ, ಪುಣೆಯಲ್ಲಿ ಕಾನೂನು ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಇಂಗ್ಲಿಷು, ಕೆಳಗಿನ ಕೋರ್ಟುಗಳಲ್ಲಿ ಮರಾಠಿ. ನಮ್ಮ ತಲೆಗೆ ಹತ್ತಬೇಕಾದರೆ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಲೇಬೇಕು. ನನಗೆ ಈಗಷ್ಟೇ ಹೊಳೆದಿದೆ, ಕಲಸಿಹೋಗುವ ಮೊದಲು ಬರೆದಿಡುತ್ತೇನೆ.

ಮೊದಲು ಬೇಗ ಬೇಗ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 100 ಅಪರಾಧವಾಗುವ ನರಹತ್ಯೆ ಯಾವುದು ಅಂತ ಹೇಳುತ್ತದೆ. ಅದರಲ್ಲಿ ಯಾವುದು ಕೊಲೆ ಅಂತ 101 ಹೇಳುತ್ತದೆ. ನಿರ್ಲಕ್ಷ್ಯದಿಂದಾದ ಸಾವು 106. ಹಳೆಯ ಐಪಿಸಿಯಲ್ಲಿ, ಅಂದರೆ ಭಾರತೀಯ ದಂಡ ಸಂಹಿತೆಯಲ್ಲಿ, ಇವೇ 299, 300, 304ಎ. ಶಿಕ್ಷೆ ನೋಡಿದರೆ ಈ ಗೆರೆ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಕೊಲೆಗೆ 103ರ ಪ್ರಕಾರ ಮರಣದಂಡನೆ ಇಲ್ಲವೇ ಜೀವಾವಧಿ. ಕೊಲೆಯಲ್ಲದ ನರಹತ್ಯೆಗೆ 105. ಅದರ ಮೊದಲ ಭಾಗ ಉದ್ದೇಶ ಇದ್ದವರಿಗೆ: ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಎರಡನೇ ಭಾಗ ಉದ್ದೇಶ ಇಲ್ಲದೆ, ಸಾವು ಬರಬಹುದು ಅನ್ನುವ ಬರೀ ಅರಿವು ಇದ್ದವರಿಗೆ: 10 ವರ್ಷದವರೆಗೆ.

ಈಗ ಎಲ್ಲರೂ ಎಡವುವ ಜಾಗ. 100(ಬಿ) ಮತ್ತು 101(ಸಿ) ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡರಲ್ಲೂ ಆರೋಪಿ ಗಾಯ ಮಾಡಲೆಂದೇ ಮಾಡಿದ್ದಾನೆ. 100(ಬಿ)ಯಲ್ಲಿ ಆ ಗಾಯದಿಂದ ಸಾವು ಬರುವ ಸಂಭವ ಇರಬೇಕು. 101(ಸಿ)ಯಲ್ಲಿ ಆ ಗಾಯ ಪ್ರಕೃತಿಯ ಸಹಜ ಗತಿಯಲ್ಲಿ ಸಾವಿಗೆ ಸಾಕಾಗುವಂತಿರಬೇಕು. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ವ್ಯತ್ಯಾಸ ಇರುವುದು ಸಾವು ಎಷ್ಟರಮಟ್ಟಿಗೆ ಖಚಿತವಾಗಿತ್ತು ಅನ್ನುವುದರಲ್ಲಿ. ಸಾಯಬಹುದು, ಬದುಕಲೂಬಹುದು ಅಂದರೆ 100(ಬಿ). ಇಂಥ ಗಾಯವಾದ ಸಾಮಾನ್ಯ ಮನುಷ್ಯ ಬಹುಮಟ್ಟಿಗೆ ಸತ್ತೇ ಹೋಗುತ್ತಾನೆ ಅಂದರೆ 101(ಸಿ). 1976ರ ಪುನ್ನಯ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಇಷ್ಟು ಅರ್ಥವಾದ ಮೇಲೂ ಒಂದು ಗಂಟು ಉಳಿಯುತ್ತದೆ. "ಕೊಲ್ಲಬೇಕು ಅಂತ ಇರಲೇ ಇಲ್ಲ, ಒಂದು ಏಟು ಕೊಡಬೇಕು ಅಂತ ಅಷ್ಟೇ" ಅಂದವನು 101ರಿಂದ ಪಾರಾಗುತ್ತಾನಾ? ಇಲ್ಲಿ 1958ರ ವಿರ್ಸಾ ಸಿಂಗ್ ಕೇಸು ಬೇಕು. ಹೊಟ್ಟೆಗೆ ಈಟಿಯ ಒಂದೇ ತಿವಿತ, ಅದೂ ಕರುಳಿಗೆ ತಾಗುವಷ್ಟು ಆಳ. ನ್ಯಾಯಮೂರ್ತಿ ವಿವಿಯನ್ ಬೋಸ್ ಅಲ್ಲಿ ನಾಲ್ಕು ಪ್ರಶ್ನೆ ಇಟ್ಟರು. ಗಾಯ ಆಗಿದೆಯಾ? ಎಂಥ ಗಾಯ? ಅದೇ ಗಾಯ ಮಾಡುವ ಉದ್ದೇಶ ಇತ್ತಾ, ಅಥವಾ ಆಕಸ್ಮಿಕವಾಗಿ ಆಯಿತಾ? ಆ ಗಾಯ ಸಹಜ ಗತಿಯಲ್ಲಿ ಸಾವಿಗೆ ಸಾಕಾಗುತ್ತಾ?

ಆರೋಪಿಯ ಮನಸ್ಸಿನ ಮಾತು ಬರುವುದು ಮೂರನೇ ಪ್ರಶ್ನೆಯಲ್ಲಿ ಮಾತ್ರ. ನಾಲ್ಕನೆಯದಕ್ಕೂ ಅವನ ಮನಸ್ಸಿಗೂ ಸಂಬಂಧವೇ ಇಲ್ಲ. ಅದನ್ನು ಪೋಸ್ಟ್‌ಮಾರ್ಟಂ ವರದಿ, ಡಾಕ್ಟರ ಸಾಕ್ಷ್ಯ ನೋಡಿ ಕೋರ್ಟ್ ತೀರ್ಮಾನಿಸುತ್ತದೆ. ಅಲ್ಲೇ ತಿವಿಯಬೇಕು ಅಂತಲೇ ತಿವಿದಿದ್ದರೆ, ಅದರಿಂದ ಜೀವ ಹೋಗುತ್ತೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ ಅಂತ ಕೇಳುವ ಹಾಗೇ ಇಲ್ಲ. ನಾನು ಉತ್ತರ ಬರೆಯುವಾಗ ಅಂಚಿನಲ್ಲಿ "3 ಮನಸ್ಸು, 4 ಡಾಕ್ಟರು" ಅಂತ ಗೀಚಿಕೊಳ್ಳುತ್ತೇನೆ. ನೀವೂ ಮಾಡಿ, ನಿಜವಾಗಿ ಕೆಲಸಕ್ಕೆ ಬರುತ್ತದೆ.

ಇದೇ ಅಳತೆಯನ್ನು 1876ರ ಗೋವಿಂದ ಕೇಸಿಗೆ ಹಚ್ಚಿ. ಇದು ನಮ್ಮ ಬಾಂಬೆ ಹೈಕೋರ್ಟಿನದೇ. 18ರ ಗಂಡ, 15ರ ಹೆಂಡತಿ. ಅವಳನ್ನು ಒದ್ದು ಕೆಡವಿದ, ಎದೆಯ ಮೇಲೆ ಮೊಣಕಾಲೂರಿ ಮುಖಕ್ಕೆ ಎರಡು ಮೂರು ಸಲ ಗುದ್ದಿದ. ಮೆದುಳಿನಲ್ಲಿ ರಕ್ತಸ್ರಾವವಾಗಿ ಹುಡುಗಿ ತೀರಿಕೊಂಡಳು. ನ್ಯಾಯಮೂರ್ತಿ ಮೆಲ್ವಿಲ್ ಇದನ್ನು ಕೊಲೆಯಲ್ಲದ ನರಹತ್ಯೆ ಎಂದರು. ಆಯುಧ ಇರಲಿಲ್ಲ, ಕೈಮುಷ್ಟಿಯ ಗುದ್ದು. ಸಾವು ಸಂಭವ, ಆದರೆ ಸಹಜ ಗತಿಯಲ್ಲಿ ಸಾಕಾಗುವಂಥ ಗಾಯ ಅಲ್ಲ. ಲೆಕ್ಕ ಸರಿಯಾಗಿದೆ. ಆದರೂ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಲ್ಲರ ಬಾಯಲ್ಲೂ ಗೋವಿಂದನ ಹೆಸರಿದೆ, ಆ ಹುಡುಗಿಯ ಹೆಸರು ನಮ್ಮ ನೋಟ್ಸಿನಲ್ಲಿ ಎಲ್ಲೂ ಇಲ್ಲ.

101ರ ಅಪವಾದಗಳು ಐದು, ಇವುಗಳಲ್ಲಿ ಒಂದಕ್ಕೆ ಸೇರಿದರೆ ಕೊಲೆಯೂ ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಮೊದಲನೆಯದು ಗಂಭೀರ, ಹಠಾತ್ ಪ್ರಚೋದನೆ. ಅದಕ್ಕೆ ನಾನಾವತಿ ಕೇಸು, 1961. ಇದರಲ್ಲಿ ಹೊತ್ತಿನ ಲೆಕ್ಕ ಒಂದನ್ನು ನೆನಪಿಟ್ಟರೆ ಸಾಕು. ಅಹುಜಾ ಜೊತೆಗಿನ ಸಂಬಂಧವನ್ನು ಹೆಂಡತಿ ಹೇಳಿದ ಮೇಲೆ ನೌಕಾಪಡೆಯ ಅಧಿಕಾರಿ ನಾನಾವತಿ ಮನೆಯವರನ್ನು ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ರಿವಾಲ್ವರ್ ತಗೊಂಡರು, ಆಮೇಲೆ ಅಹುಜಾ ಮನೆಗೆ ಹೋದರು. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟದ್ದು, ಗುಂಡು ಹಾರಿದ್ದು 4.20ಕ್ಕೆ. ಇಷ್ಟು ಹೊತ್ತಿನಲ್ಲಿ ಸಿಟ್ಟು ತಣಿಯಲು ಸಮಯವಿತ್ತು, ಆದ್ದರಿಂದ 'ಹಠಾತ್' ಅನ್ನಲಾಗದು ಎಂದಿತು ಸುಪ್ರೀಂ ಕೋರ್ಟ್.

ಬರೀ ಅರಿವು ಅಂದರೇನು ಅಂತ ಕೇಳಿದರೆ ಬಾಂದ್ರಾದ ಕಾರ್ಟರ್ ರೋಡ್ ನೆನಪಿಸಿಕೊಳ್ಳಿ. 2006ರ ನವೆಂಬರ್ 12ರ ಬೆಳಗಿನ ಜಾವ, ಕುಡಿದು ಓಡಿಸಿದ ಕಾರು ಫುಟ್‌ಪಾತ್ ಹತ್ತಿ, ಮಲಗಿದ್ದ ಕೂಲಿಯವರಲ್ಲಿ 7 ಜನ ಸತ್ತರು. ಸೆಷನ್ಸ್ ಕೋರ್ಟ್ ನಿರ್ಲಕ್ಷ್ಯ ಎಂದಿತು. ಹೈಕೋರ್ಟ್ ಅದನ್ನು ಐಪಿಸಿ 304ರ (ಈಗಿನ 105ರ) ಎರಡನೇ ಭಾಗಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶಿಕ್ಷೆ ಮಾತ್ರ 3 ವರ್ಷ. ಏಳು ಜೀವಕ್ಕೆ ಅದು ತೀರಾ ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ಈ ಗೆರೆಗಳೆಲ್ಲ ಅಂಕಿಅಂಶಕ್ಕೂ ಇಳಿಯುತ್ತವೆ. ಪಾಲಿಸಿ ಪೇಪರ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಉದ್ದೇಶಪೂರ್ವಕ ನರಹತ್ಯೆ ಅಂದರೆ ಕೊಲ್ಲುವ ಅಥವಾ ಗಂಭೀರ ಗಾಯ ಮಾಡುವ ಉದ್ದೇಶದಿಂದ ಆದ ಅಕ್ರಮ ಸಾವು. ಅಂದರೆ ಗೋವಿಂದ ಮಾಡಿದ್ದು ಅಲ್ಲಿ ಸೇರುತ್ತದೆ, ಕಾರ್ಟರ್ ರೋಡ್ ಸೇರುವುದಿಲ್ಲ. ನಮ್ಮ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವರದಿಯಲ್ಲಿ ಕೊಲೆಗೆ ಒಂದು ಸಾಲು, ಕೊಲೆಯಲ್ಲದ ನರಹತ್ಯೆಗೆ ಇನ್ನೊಂದು, ವರದಕ್ಷಿಣೆ ಸಾವಿಗೆ ಮತ್ತೊಂದು. ಗೋವಿಂದ, ಕಾರ್ಟರ್ ರೋಡ್ ಎರಡೂ ಆ ಎರಡನೇ ಸಾಲಿಗೇ ಹೋಗುತ್ತವೆ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ, ಲಕ್ಷ ಜನಕ್ಕೆ 2.1. 2021ರ ಜಾಗತಿಕ ದರ 5.8. ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ತೀರ್ಪು ಕೊಡಬೇಡಿ, ಒಳಗೆ ಎಣಿಸಿರುವುದೇ ಬೇರೆ ಬೇರೆ. ವರದಕ್ಷಿಣೆ ಸಾವು ನಮ್ಮ ಕೊಲೆಯ ಸಾಲಿನಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಅಂಕಿ, ಇದೂ 2021ರದು. ಜಗತ್ತಿನಲ್ಲಿ ಹತ್ಯೆಯಾದವರಲ್ಲಿ ಗಂಡಸರೇ ಜಾಸ್ತಿ, ಸುಮಾರು 81%. ಆದರೆ ಹತ್ಯೆಯಾದ ಹೆಂಗಸರಲ್ಲಿ ಸುಮಾರು 56% ಮಂದಿಯನ್ನು ಕೊಂದದ್ದು ಸಂಗಾತಿ ಅಥವಾ ಮನೆಯವರು. ಗಂಡಸರಲ್ಲಿ ಇದು ಸುಮಾರು 11%. ಹೆಂಗಸರ ಜೀವ ಉಳಿಸಬೇಕಾದರೆ ಬೀದಿಗೆ ಪೊಲೀಸ್ ಹಾಕಿದರೆ ಸಾಲದು, ಮನೆಯೊಳಗಿನ ಮೊದಲ ಏಟಿನ ದೂರನ್ನೇ ಗಂಭೀರವಾಗಿ ತಗೋಬೇಕು. ಪರೀಕ್ಷೆಯಲ್ಲಿ ಇದನ್ನು ಗೋವಿಂದ ಕೇಸಿನ ಜೊತೆಗೇ ಬರೆಯಿರಿ.

ಕೊನೆಗೆ, ಪ್ರಶ್ನೆಯಲ್ಲಿ ಘಟನೆಯ ದಿನಾಂಕ ಮೊದಲು ನೋಡಿ. 2024ರ ಜುಲೈ 1ಕ್ಕಿಂತ ಮುಂಚಿನದಾದರೆ ವಿಚಾರಣೆ ಈಗ ನಡೆದರೂ ಐಪಿಸಿ ನಂಬರುಗಳೇ. ಆಮೇಲಿನದಾದರೆ ಸಂಹಿತೆ. ಅವತ್ತು ಸಂಹಿತೆ ಜಾರಿಗೆ ಬಂದಾಗ 106(2)ನ್ನು, ಅಂದರೆ ಗುದ್ದಿ ಓಡಿಹೋದ ಡ್ರೈವರಿಗೆ 10 ವರ್ಷದವರೆಗಿನ ಶಿಕ್ಷೆಯ ಭಾಗವನ್ನು, ಹೊರಗಿಟ್ಟಿದ್ದರು. ಲಾರಿ ಡ್ರೈವರುಗಳ ಮುಷ್ಕರ ಆಗಿತ್ತಲ್ಲ, ಅದೇ.