ಹೋಲ್ ಸ್ಕ್ವೇರ್ ಹೇಳಿಕೊಡೋದು ಹೇಗೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾನು ಪಾಠ ಮಾಡುವ ಕಮ್ಯುನಿಟಿ ಕಾಲೇಜಿನಲ್ಲಿ (ಹೈಸ್ಕೂಲ್ ಆದಮೇಲೆ ಸೇರುವ ಎರಡು ವರ್ಷದ ಕಾಲೇಜು) ಒಂದು ಟ್ಯೂಟರಿಂಗ್ ಸೆಂಟರ್ ಇದೆ. ಕಳೆದ ಸೆಮಿಸ್ಟರಿನಲ್ಲಿ ಅಲ್ಲಿ ಒಬ್ಬ ಹುಡುಗ ಎಕ್ಸ್ ಪ್ಲಸ್ 3 ಹೋಲ್ ಸ್ಕ್ವೇರ್ ಅಂದರೆ ಎಕ್ಸ್ ಸ್ಕ್ವೇರ್ ಪ್ಲಸ್ 9 ಅಂತ ಬರೆದಿದ್ದ. ಅವನಿಗೆ ಹೇಳಿಕೊಡುತ್ತಿದ್ದವರು ಶಿವಮೊಗ್ಗ ಕಡೆಯವರು. ಊರಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವರು, ಇಲ್ಲಿ ಹೈಸ್ಕೂಲ್ ಗಣಿತ ಟೀಚರ್ ಆಗಬೇಕು ಎಂದಿರುವವರು. ‘ಮಧ್ಯೆ 6 ಎಕ್ಸ್ ಬರಬೇಕು’ ಎಂದು ತಿದ್ದಿದರು. ಹುಡುಗ ಬರೆದುಕೊಂಡ. ಮುಂದಿನ ಲೆಕ್ಕದಲ್ಲಿ ಮತ್ತೆ ಅದೇ ತಪ್ಪು.

‘ಮೇಡಂ, ಫಾರ್ಮುಲಾನೇ ಹೇಳಿಕೊಟ್ಟೆ. ಆದರೂ ತಲೆಗೆ ಹತ್ತಲಿಲ್ಲ’ ಎಂದು ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎ ಸ್ಕ್ವೇರ್ ಪ್ಲಸ್ ಟು ಎ ಬಿ ಪ್ಲಸ್ ಬಿ ಸ್ಕ್ವೇರ್: ನಮಗೆಲ್ಲ ಆ ಫಾರ್ಮುಲಾ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿದೆ, ಅಲ್ವಾ? ಆ ಟು ಎ ಬಿ ಎಲ್ಲಿಂದ ಬಂತು ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ಮುಂದಿನ ವಾರ ಅವರು ಬೇರೆ ದಾರಿ ಹಿಡಿದರು. ‘ಎಕ್ಸ್ ಜಾಗಕ್ಕೆ 5 ಹಾಕಿ ನೋಡು’ ಎಂದರು. 8ರ ವರ್ಗ 64. ಹುಡುಗನ ಲೆಕ್ಕದಲ್ಲಿ ಬಂದದ್ದು 34. ಉಳಿದ 30 ಎಲ್ಲಿ ಹೋಯಿತು? ಹಾಳೆಯ ಮೇಲೆ ಒಂದು ಚೌಕ ಬರೆದು, ಅದರ ಬದಿಗಳನ್ನು 5 ಮತ್ತು 3 ಎಂದು ಸೀಳಿದರು. ಒಂದು ಮೂಲೆಯಲ್ಲಿ 25, ಎದುರು ಮೂಲೆಯಲ್ಲಿ 9. ಖಾಲಿ ಉಳಿದದ್ದು ಎರಡು ಆಯತ. ಪೆನ್ಸಿಲ್ ಅವನ ಕೈಗೆ ಕೊಟ್ಟು ಸುಮ್ನೆ ಕೂತರು. ಸ್ವಲ್ಪ ಹೊತ್ತು ನೋಡಿ, ಅವನೇ ಎರಡರಲ್ಲೂ 15 ಎಂದು ತುಂಬಿದ.

ಹೈಸ್ಕೂಲ್ ಗಣಿತ ಟೀಚರ್ ಆಗಬೇಕು ಎಂದು ಬರುವವರಿಗೆ ನಾನು ಮೊದಲು ತೋರಿಸುವುದು ಈ ಸೆಂಟರನ್ನೇ. ಕಮ್ಯುನಿಟಿ ಕಾಲೇಜು ಎಂದರೆ ಕಡಿಮೆ ಫೀಸು ಎಂದಷ್ಟೇ ಜಾಸ್ತಿ ಜನ ತಿಳಿದಿದ್ದಾರೆ. ಫೀಸು ಕಡಿಮೆ ನಿಜ. ಈ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) 46 ಡಾಲರ್. ಆದರೆ ಹದಿನೆಂಟರ ಹುಡುಗರಿಂದ ಐವತ್ತು ದಾಟಿದವರವರೆಗೆ, ಗಣಿತಕ್ಕೆ ಹೆದರಿದ ಎಲ್ಲ ಬಗೆಯ ಜನ ಒಂದೇ ಕೋಣೆಯಲ್ಲಿ ಸಿಗುವುದು ಇಲ್ಲಿ. ಮನುಷ್ಯ ಲೆಕ್ಕದಲ್ಲಿ ಎಲ್ಲಿ ಎಡವುತ್ತಾನೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಮೊದಲ ಸೆಮಿಸ್ಟರಿನಿಂದಲೇ ವಾರಕ್ಕೆ ನಾಲ್ಕು ಗಂಟೆ ಅಲ್ಲಿ ಕೂರಿ. ಸಂಬಳದ ಟ್ಯೂಟರ್ ಕೆಲಸವಾದರೆ ನಿಮ್ಮ ವೀಸಾಕ್ಕೆ ಕೆಲಸದ ಅನುಮತಿ ಇದೆಯಾ ಎಂದು ನೋಡಿಕೊಂಡು ಸೇರಿ.

ಇನ್ನು ದಾರಿಯ ವಿಷಯ. ಊರಲ್ಲಿ ಬಿ.ಎಡ್. ಇದ್ದ ಹಾಗೆ ಇಲ್ಲಿ ಕ್ರೆಡೆನ್ಷಿಯಲ್. ಅದು ಕಮ್ಯುನಿಟಿ ಕಾಲೇಜಿನಲ್ಲಿ ಸಿಗುವುದಿಲ್ಲ. ಮೊದಲು ನಾಲ್ಕು ವರ್ಷದ ಪದವಿ ಬೇಕು. ಇಲ್ಲೇ ಹೈಸ್ಕೂಲ್ ಮುಗಿಸಿದ ಮಕ್ಕಳಾದರೆ ಗಣಿತದ ಟ್ರಾನ್ಸ್‌ಫರ್ ಪದವಿ ಹಿಡಿಯಲಿ, ಅಂದರೆ ಕಮ್ಯುನಿಟಿ ಕಾಲೇಜಿನಲ್ಲಿ ಶುರು ಮಾಡಿ ಯೂನಿವರ್ಸಿಟಿಯಲ್ಲಿ ಮುಂದುವರಿಸುವ ದಾರಿ. 2010ರ ಕಾನೂನಿನಿಂದ ಬಂದದ್ದು ಇದು. 60 ಯೂನಿಟ್ ಮುಗಿಸಿದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ಸೀಟು ಖಾತ್ರಿ. ಮನೆ ಹತ್ತಿರದ ಕ್ಯಾಂಪಸ್ಸೇ ಸಿಗುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ. ಕ್ಯಾಲ್ಕುಲಸ್ ಮೂರು ಕೋರ್ಸು ಅದರಲ್ಲಿ ಬಂದೇ ಬರುತ್ತದೆ. ಆಯ್ಕೆ ಇರುವ ಕಡೆ ಸ್ಟ್ಯಾಟಿಸ್ಟಿಕ್ಸ್ ತಗೊಳ್ಳಿ ಎನ್ನುತ್ತೇನೆ. ಮುಂದೆ ಹೈಸ್ಕೂಲಿನಲ್ಲಿ ಅದನ್ನೂ ಪಾಠ ಮಾಡಬೇಕಾಗುತ್ತದೆ.

ಊರಲ್ಲೇ ಪದವಿ ಮಾಡಿದವರು ಕ್ಲಾಸಿಗೆ ಸೇರುವ ಮೊದಲು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ, ಅಂದರೆ ನಿಮ್ಮ ಓದು ಇಲ್ಲಿನ ಯಾವ ಓದಿಗೆ ಸಮ ಎಂದು ಬರೆಸಿಕೊಳ್ಳಿ. ಕ್ರೆಡೆನ್ಷಿಯಲ್ ಕೊಡುವ ರಾಜ್ಯ ಆಯೋಗ ಒಪ್ಪಿದ ಸಂಸ್ಥೆಯಲ್ಲೇ ಆಗಬೇಕು. ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ಇಲ್ಲಿನ ಪದವಿಗೆ ಸಮ ಎಂದು ಎಲ್ಲರೂ ಒಪ್ಪುವುದಿಲ್ಲ. ಅದು ಗೊತ್ತಾಗದೆ ಎರಡು ಸೆಮಿಸ್ಟರ್ ಬೇಡದ ಕೋರ್ಸುಗಳಲ್ಲಿ ಕಳೆದವರನ್ನು ನೋಡಿ ನನಗೆ ಸಂಕಟವಾಗಿದೆ.

ಬಿ.ಇ. ಮಾಡಿದವರಿಗೆ ಪದವಿಯ ತೊಂದರೆ ಅಷ್ಟಿಲ್ಲ. ಆದರೆ ಗಣಿತ ಗೊತ್ತಿದೆ ಎಂದು ತೋರಿಸಬೇಕು. ಅದಕ್ಕೆ ಒಂದು ದಾರಿ ಸಿಸೆಟ್ ಎಂಬ ಪರೀಕ್ಷೆ. ಗಣಿತದಲ್ಲಿ ಮೂರು ಭಾಗ: ಸಂಖ್ಯೆ ಮತ್ತು ಬೀಜಗಣಿತ ಒಂದು, ರೇಖಾಗಣಿತ ಮತ್ತು ಸಂಭವನೀಯತೆ-ಸ್ಟ್ಯಾಟಿಸ್ಟಿಕ್ಸ್ ಇನ್ನೊಂದು, ಕ್ಯಾಲ್ಕುಲಸ್ ಮೂರನೆಯದು. ಮೊದಲ ಎರಡನ್ನೇ ಪಾಸಾದರೂ ಫೌಂಡೇಶನಲ್ ಎಂಬ ಕೆಳಹಂತದ ಗಣಿತ ಕ್ರೆಡೆನ್ಷಿಯಲ್ ಪಡೆಯುವ ದಾರಿ ತೆರೆಯುತ್ತದೆ. ಅದರಲ್ಲಿ ಆಲ್ಜೀಬ್ರಾ, ಜ್ಯಾಮಿಟ್ರಿ ಹೇಳಿಕೊಡಬಹುದು, ಕ್ಯಾಲ್ಕುಲಸ್ ಆಗುವುದಿಲ್ಲ. ನಮ್ಮವರು ಕ್ಯಾಲ್ಕುಲಸ್ಸಿಗೆ ಹೆದರುತ್ತಾರೆ. ನಾನು ನೋಡಿದಂತೆ ಕೈ ಕೊಡುವುದು ರೇಖಾಗಣಿತ. ಎಸ್ಎಸ್ಎಲ್‌ಸಿಯಲ್ಲಿ ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದದ್ದೇ ಕೊನೆ. ಆಮೇಲೆ ಇಂಜಿನಿಯರಿಂಗಿನಲ್ಲಿ ಪ್ರಮೇಯದ ಒಂದು ಸಾಧನೆಯನ್ನೂ (ಪ್ರೂಫ್) ಬರೆದಿರುವುದಿಲ್ಲ. ಇಲ್ಲಿ ಮಕ್ಕಳು ಸಾಧನೆಯ ಪ್ರತಿ ಸಾಲಿಗೂ ಕಾರಣ ಕೇಳುತ್ತಾರೆ. ಹಳೇ ಪುಸ್ತಕ ತೆಗೆದು, ಪುಟ ಮುಚ್ಚಿಕೊಂಡು, ನಿಮ್ಮದೇ ಮಾತಿನಲ್ಲಿ ಬರೆದು ನೋಡಿ.

ಕ್ರೆಡೆನ್ಷಿಯಲ್ ಓದುವಾಗ ಶಾಲೆಯಲ್ಲಿ ಕನಿಷ್ಠ 600 ಗಂಟೆ ಅನುಭವ ಆಗಬೇಕು. ಟ್ಯೂಟರಿಂಗ್ ಸೆಂಟರಿನ ಗಂಟೆಗಳನ್ನು ಅದಕ್ಕೆ ಜಮಾ ಮಾಡುವುದಿಲ್ಲ. ಆದರೂ ನಮ್ಮಲ್ಲಿ ಕೂತು ಹೋದವರು ಮೊದಲ ದಿನ ಮೂವತ್ತು ಮಕ್ಕಳ ಎದುರು ನಿಂತಾಗ ಗಾಬರಿಯಾಗುವುದು ಕಡಿಮೆ. ಯಾವ ತಪ್ಪು ಬರುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಶಿವಮೊಗ್ಗದವರು ಈ ಸೆಮಿಸ್ಟರ್ ಸ್ಟ್ಯಾಟಿಸ್ಟಿಕ್ಸ್ ತಗೊಂಡಿದ್ದಾರೆ. ಗುರುವಾರ ಮಧ್ಯಾಹ್ನ ಸೆಂಟರಿನಲ್ಲೇ ಇರುತ್ತಾರೆ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಎಂದು ಮೊನ್ನೆ ಒಬ್ಬಳು ಹುಡುಗಿ ಕೇಳಿದಳಂತೆ. ‘ಮುಂದಿನ ಗುರುವಾರ ಹೇಳ್ತೀನಿ’ ಎಂದು ಬಂದು, ನನ್ನ ಆಫೀಸಿನ ಬೋರ್ಡಿನ ಮೇಲೆ ಮೂರು ಬಗೆಯಲ್ಲಿ ಬರೆದು ನೋಡುತ್ತಿದ್ದರು.