ನಿದ್ರಿಸುವ ಮನುಷ್ಯನ ಮಿದುಳುಕಾಂಡ: ನೋಡಲು ಏಕೆ ಇಷ್ಟು ತಡ?

ನಿದ್ರೆಯ ಬಗ್ಗೆ ವಿಜ್ಞಾನ ತಿಳಿದುಕೊಂಡದ್ದರಲ್ಲಿ ದೊಡ್ಡ ಪಾಲು ಬೆಕ್ಕುಗಳಿಂದ ಬಂದದ್ದು. 1935ರಲ್ಲಿ ಬೆಲ್ಜಿಯಂನ ಫ್ರೆಡರಿಕ್ ಬ್ರೆಮರ್, ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡವನ್ನು ಬೆಕ್ಕಿನಲ್ಲಿ ಮೇಲ್ಭಾಗದಲ್ಲಿ ಕತ್ತರಿಸಿದಾಗ, ಮಿದುಳಿನ ಅಲೆಗಳು ನಿದ್ರೆಯಲ್ಲಿರುವಂತೆ ನಿಧಾನವಾದವು. 1949ರಲ್ಲಿ ವಿಜ್ಞಾನಿಗಳಾದ ಮೊರುಝಿ ಮತ್ತು ಮಗೂನ್ ಅದೇ ಕಾಂಡದೊಳಗಿನ ನರಜಾಲಕ್ಕೆ ವಿದ್ಯುತ್ ಹರಿಸಿದರು. ಅಲೆಗಳು ಎಚ್ಚರದ ರೂಪಕ್ಕೆ ತಿರುಗಿದವು. ಕಣ್ಣಾಲಿಗಳು ಸರಸರನೆ ಚಲಿಸುವ, ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ರೆ ಕಾಂಡದ ನಡುಭಾಗವಾದ ಪಾನ್ಸ್ ಇಲ್ಲದೆ ನಡೆಯದು ಎಂದು 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಮಿಶೆಲ್ ಜುವೆ ತೋರಿಸಿದ್ದೂ ಬೆಕ್ಕುಗಳಲ್ಲಿಯೇ.

ಮನುಷ್ಯರಲ್ಲಿ ಇದನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಮಿದುಳಿನ ವಿದ್ಯುತ್ ಅಲೆ ಅಳೆಯಲು ನೆತ್ತಿಗೆ ಅಂಟಿಸುವ ಇಇಜಿ ತಂತಿಗಳಿಗೆ ಸಿಗುವುದು ಮುಖ್ಯವಾಗಿ ಮಿದುಳಿನ ಹೊರಪದರದ ಅಲೆಗಳು. ಉಸಿರಾಟವನ್ನೂ ಹೃದಯ ಬಡಿತವನ್ನೂ ನಡೆಸುವ ಜಾಗಕ್ಕೆ, ಬರೀ ಕುತೂಹಲ ತಣಿಸಿಕೊಳ್ಳಲು, ಆರೋಗ್ಯವಂತರಲ್ಲಿ ಯಾರೂ ಸೂಜಿ ಇಳಿಸಲಾರರು.

1996ರಲ್ಲಿ ಬೆಲ್ಜಿಯಂನ ಲಿಯೆಜ್‌ನ ಪಿಯರ್ ಮಾಕೆ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್‌ನಲ್ಲಿ ರಕ್ತದ ಹರಿವನ್ನು ಅಳೆದರು. ರೆಮ್ ನಿದ್ರೆಯಲ್ಲಿ ಪಾನ್ಸ್ ಚುರುಕಾಗಿತ್ತು. ಬೆಕ್ಕಿನ ಪಾಠ ಮನುಷ್ಯರಿಗೂ ಹೊಂದಿತು. ಆದರೆ ಗಾಢ ನಿದ್ರೆಯ ಅಳತೆಗಳಲ್ಲಿ ಕಾಂಡದ ರಕ್ತದ ಹರಿವು ಇಳಿದಿತ್ತು. ಆಗ ಕಾಂಡ ವಿಶ್ರಮಿಸುತ್ತದೆ ಎಂದು ಓದಿಕೊಳ್ಳುವುದು ಸುಲಭವಾಯಿತು, ಸ್ವಲ್ಪ ಹೆಚ್ಚೇ ಸುಲಭವಾಯಿತು. ಪೆಟ್ ಕೊಡುವುದು ಒಂದು ನಿಮಿಷದಷ್ಟು ಕಾಲದ ಸರಾಸರಿ. ಗಾಢ ನಿದ್ರೆಯ ಒಂದು ಅಲೆ ಮುಗಿಯಲು ಸುಮಾರು ಒಂದು ಸೆಕೆಂಡ್ ಸಾಕು. ಸರಾಸರಿ ಇಳಿದ ಮಾತ್ರಕ್ಕೆ ನರಕೋಶಗಳು ಮೌನವಾಗಿವೆ ಎಂದರ್ಥವಲ್ಲ.

2008ರಲ್ಲಿ ಅದೇ ಲಿಯೆಜ್‌ನಿಂದ ಉತ್ತರ ಬಂತು. ಥಾನ್ ಡಾಂಗ್-ವು ಮತ್ತು ಸಹೋದ್ಯೋಗಿಗಳು ಇಇಜಿ ಮತ್ತು, ರಕ್ತದ ಹರಿವಿನ ಬದಲಾವಣೆಯಿಂದ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಎರಡನ್ನೂ ಒಟ್ಟಿಗೆ ನಡೆಸಿ, ಗಾಢ ನಿದ್ರೆಯ ನಿಧಾನ ಅಲೆ ಎದ್ದ ಕ್ಷಣಗಳನ್ನಷ್ಟೇ ಆರಿಸಿ ನೋಡಿದರು. ಆ ಕ್ಷಣಗಳಲ್ಲಿ ಪಾನ್ಸ್‌ನ ಚಟುವಟಿಕೆ ಏರಿತ್ತು. ಅದರಲ್ಲೂ, ಎಚ್ಚರಕ್ಕೆ ನೆರವಾಗುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಹಂಚುವ ಲೋಕಸ್ ಸೆರೂಲಿಯಸ್ ಇರುವ ಜಾಗ ಎದ್ದುಕಂಡಿತು. ನಿದ್ರೆ ಆಳವಾದಂತೆ ಈ ಕೋಶಗಳು ಸುಮ್ಮನಾಗುತ್ತವೆ ಎಂದು 1981ರ ಇಲಿಗಳ ಅಧ್ಯಯನ ಹೇಳಿತ್ತು. 2012ರಲ್ಲಿ ಇಲಿಗಳಲ್ಲೇ ಮತ್ತೆ ಅಳೆದಾಗ, ಅವು ನಿಧಾನ ಅಲೆಗಳ ಲಯಕ್ಕೆ ಹೊಂದಿಕೊಂಡು ಮಿಡಿಯುವುದು ಕಂಡಿತು. ಈ ಬಾರಿ ಮನುಷ್ಯರ ಚಿತ್ರ ಮುಂದಿತ್ತು, ಪ್ರಾಣಿ ಹಿಂದೆ.

ಹಾಗೆಂದು ಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಲೋಕಸ್ ಸೆರೂಲಿಯಸ್‌ನ ದಪ್ಪ ಸುಮಾರು 2 ಮಿಲಿಮೀಟರ್. ಸಾಮಾನ್ಯ ಎಫ್‌ಎಂಆರ್‌ಐ ಚಿತ್ರದ ಒಂದು ಚುಕ್ಕೆಯೇ 2–3 ಮಿಲಿಮೀಟರ್. ಪಕ್ಕದ ರಕ್ತನಾಳಗಳ ಪ್ರತಿ ಬಡಿತಕ್ಕೂ ಕಾಂಡ ಅಲುಗುತ್ತದೆ. ಹೆಚ್ಚು ಬಲದ ಅಯಸ್ಕಾಂತವಿರುವ 7 ಟೆಸ್ಲಾ ಯಂತ್ರಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಅಲುಗಾಟ ನಿಲ್ಲುವುದಿಲ್ಲ.

ವೈದ್ಯರಿಗೂ ಇದರಲ್ಲಿ ಆಸಕ್ತಿ ಇದೆ. ಕನಸಿನಲ್ಲಿ ಕೈಕಾಲು ಬೀಸುವ, ಕೂಗುವ ರೆಮ್ ನಿದ್ರಾ ವರ್ತನೆಯ ಕಾಯಿಲೆಯನ್ನು 1986ರಲ್ಲಿ ಅಮೆರಿಕದ ಶೆಂಕ್ ಮತ್ತು ಮಹೋವಾಲ್ಡ್ ವಿವರಿಸಿದರು. ಈ ರೋಗಿಗಳಲ್ಲಿ ಅನೇಕರಿಗೆ ವರ್ಷಗಳ ನಂತರ ನಡುಕ, ಬಿಗಿತ ತರುವ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಅವರ ಲೋಕಸ್ ಸೆರೂಲಿಯಸ್ ಪ್ರದೇಶದ ವರ್ಣದ್ರವ್ಯ ಕುಂದಿರುವುದನ್ನು ಎಂಆರ್‌ಐ ಈಗಾಗಲೇ ತೋರಿಸಿದೆ. ಆದರೆ ಅದು ರಚನೆಯ ಚಿತ್ರ. ಅದೇ ಜಾಗ ಕನಸಿನ ನಡುವೆ ಕೆಲಸ ಮಾಡುವುದನ್ನು ಹಿಡಿಯಬೇಕೆಂದರೆ, ರೆಮ್ ಬರುವವರೆಗಿನ ಒಂದೂವರೆ ಗಂಟೆ ರೋಗಿ ಆ ಗದ್ದಲದ ಯಂತ್ರದೊಳಗೆ ನಿದ್ರಿಸಬೇಕು, ಅದೂ ಅಲುಗಾಡದೆ.